ಮಲೆನಾಡಿನ ಮಳೆಗೆ ಬೈಕಿನ ಜಿಪಿಎಸ್: ಯಾವುದನ್ನು ಕೊಳ್ಳಬೇಕು, ಹೇಗೆ ಕೂರಿಸಬೇಕು

ಮೂರು ವರ್ಷದ ಹಿಂದಿನ ಮಾತು. ಪುನರ್ವಸು ಮಳೆ ಹಿಡಿದಿತ್ತು. ಹೊಸನಗರದ ಆಚೆ ನಗರದಿಂದ ಮಾಸ್ತಿಕಟ್ಟೆ ಕಡೆಗೆ ಸಂಜೆ ಐದಕ್ಕೆ ಹೊರಟಿದ್ದೆ. ದಾರಿ ಕವಲೊಡೆಯುವಲ್ಲಿ ಬೈಕ್ ನಿಲ್ಲಿಸಿ ಹ್ಯಾಂಡಲ್ ಮೇಲಿನ ಫೋನ್ ನೋಡಿದರೆ ನೀಲಿ ಚುಕ್ಕೆ ಮಾತ್ರ ಇದೆ. ಅದರ ಸುತ್ತ ರಸ್ತೆಯಿಲ್ಲ, ಊರಿಲ್ಲ, ಹೊಳೆಯಿಲ್ಲ, ಬರೀ ಬೂದು ಬಣ್ಣ. ಮುಂದಕ್ಕೆ ಹೋದರೆ ಚುಕ್ಕೆಯೂ ಆ ಬೂದಿಯೊಳಗೆ ಮುಂದಕ್ಕೆ ಹೋಗುತ್ತಿತ್ತು. ಆಗ ಉಪಗ್ರಹದ ಮೇಲೆ ಸಿಟ್ಟು ಬಂತು. ಮನೆಗೆ ಬಂದು ಯೋಚಿಸಿದ ಮೇಲೆ ತಿಳಿಯಿತು, ಉಪಗ್ರಹ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳದವನು ನಾನು.

ಆಮೇಲಿನ ಮಳೆಗಾಲಗಳಲ್ಲಿ ಹೋಲ್ಡರ್ ಮುರಿದಿದೆ, ಚಾರ್ಜಿಂಗ್ ಪೋರ್ಟಿಗೆ ನೀರು ಹೋಗಿದೆ, ವೈರ್ ಸವೆದು ಫ್ಯೂಸ್ ಹಾರಿದೆ. ಉಪಗ್ರಹ ಒಮ್ಮೆಯೂ ಕೈಕೊಟ್ಟಿಲ್ಲ. ನಮ್ಮ ಕಡೆ ಬೈಕಿಗೆ ಜಿಪಿಎಸ್ ಹಾಕಿಸುವವರು ಹಣವನ್ನೂ ಗಮನವನ್ನೂ ಕೊಡಬೇಕಾದದ್ದು ನಕ್ಷೆ, ನೀರು, ನಟ್ಟು, ವೈರ್ ಈ ನಾಲ್ಕಕ್ಕೆ. ಅದೇ ಲೆಕ್ಕದಲ್ಲಿ ಈ ಬರಹ.

ಮೊದಲು, ಸಿಗ್ನಲ್ ವಿಷಯ

ಜಿಪಿಎಸ್‌ಗೆ ಮೊಬೈಲ್ ನೆಟ್‌ವರ್ಕ್ ಬೇಡ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಅಮೆರಿಕದ ಜಿಪಿಎಸ್ ಉಪಗ್ರಹಗಳ ಸಂಕೇತವನ್ನು ನಿಮ್ಮ ಸಾಧನ ಕೇಳಿಸಿಕೊಳ್ಳುತ್ತದೆ, ವಾಪಸ್ ಏನನ್ನೂ ಕಳಿಸುವುದಿಲ್ಲ. ಜಾಗ ಮತ್ತು ಎತ್ತರ ಎರಡನ್ನೂ ಲೆಕ್ಕ ಹಾಕಲು ಕನಿಷ್ಠ ನಾಲ್ಕು ಉಪಗ್ರಹ ಕಾಣಬೇಕು. ಈಗಿನ ಫೋನ್‌ಗಳು ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈಡೂ ಇವನ್ನೂ ಬಳಸುತ್ತವೆ. ನಮ್ಮ ಇಸ್ರೋದ ನಾವಿಕ್‌ನ ಮೊದಲ ಉಪಗ್ರಹ ಹಾರಿದ್ದು 2013ರ ಜುಲೈ 1ರಂದು. ಅದರ ನಿಯಂತ್ರಣದ ಕೆಲಸ ನಡೆಯುವುದು ನಮ್ಮ ನೆರೆಯ ಹಾಸನದ ಕೇಂದ್ರದಿಂದಲೇ. ನಾವಿಕ್ ಹಿಡಿಯುವ ಫೋನ್ ಇದ್ದರೆ ಒಳ್ಳೆಯದು. ಅದೊಂದಕ್ಕಾಗಿ ಹೊಸ ಫೋನ್ ಕೊಳ್ಳಬೇಕಿಲ್ಲ.

ಮಲೆನಾಡಿನಲ್ಲಿ ನೆನಪಿಡಬೇಕಾದದ್ದು ಬೇರೊಂದಿದೆ. ಒಂದು ಉಪಗ್ರಹ ತಾನು ಎಲ್ಲಿದ್ದೇನೆ ಎಂಬ ವಿವರವನ್ನು ಪೂರ್ತಿ ಹೇಳಿ ಮುಗಿಸಲು ಸುಮಾರು 30 ಸೆಕೆಂಡ್ ಬೇಕು. ನೆಟ್‌ವರ್ಕ್ ಇದ್ದರೆ ಫೋನ್ ಆ ವಿವರವನ್ನು ಇಂಟರ್ನೆಟ್‌ನಿಂದ ತಟ್ಟನೆ ತಂದುಕೊಳ್ಳುತ್ತದೆ. ನೆಟ್‌ವರ್ಕ್ ಇಲ್ಲದಿದ್ದರೆ ಆಕಾಶದಿಂದಲೇ ಕೇಳಿಸಿಕೊಳ್ಳಬೇಕು. ಆ ಹೊತ್ತಿನಲ್ಲಿ ನೀವು ಒದ್ದೆ ಎಲೆಗಳ ಕಾನಿನೊಳಗೆ ಬೈಕ್ ಓಡಿಸುತ್ತಿದ್ದರೆ ಸಂಕೇತ ಮಧ್ಯೆ ಮಧ್ಯೆ ತುಂಡಾಗುತ್ತದೆ, ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಆದ್ದರಿಂದ ಮನೆಯ ಅಂಗಳದಲ್ಲೋ ಗದ್ದೆ ಬಯಲಿನಲ್ಲೋ ಆಕಾಶ ಕಾಣುವ ಕಡೆ ಒಂದೆರಡು ನಿಮಿಷ ನಿಂತು, ಚುಕ್ಕೆ ಸ್ಥಿರವಾದ ಮೇಲೆ ಹೊರಡಿ. ಒಮ್ಮೆ ಹಿಡಿತ ಸಿಕ್ಕಿದರೆ ಮರದ ಕೆಳಗೂ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ.

ಯಾವ ಸಾಧನ?

ಎಲ್ಲರೂ ಮಾಡುವುದು ದಿನ ಬಳಸುವ ಫೋನನ್ನೇ ಹ್ಯಾಂಡಲ್‌ಗೆ ಸಿಕ್ಕಿಸುವುದು. ಬೇಸಿಗೆಯಲ್ಲಿ ಶಿವಮೊಗ್ಗದಿಂದ ಸಾಗರಕ್ಕೆ ಹೋಗಿಬರಲು ಅಡ್ಡಿಯಿಲ್ಲ. ದಿನನಿತ್ಯದ ಓಡಾಟಕ್ಕೆ ನಾನು ಬೇಡ ಎನ್ನುತ್ತೇನೆ, ಅದಕ್ಕೆ ಗಟ್ಟಿ ಕಾರಣವಿದೆ. ಒಳ್ಳೆಯ ಫೋನ್‌ಗಳ ಕ್ಯಾಮೆರಾದಲ್ಲಿ ಚಿತ್ರ ಅಲುಗದಂತೆ ನೋಡಿಕೊಳ್ಳುವ ಪುಟ್ಟ ಚಲಿಸುವ ಭಾಗಗಳಿರುತ್ತವೆ. ಬೈಕ್ ಎಂಜಿನ್ನಿನ ಅದುರಿಗೆ ಅವು ಕೆಡಬಹುದು ಎಂದು ಆ್ಯಪಲ್ ಕಂಪನಿ 2021ರಲ್ಲಿ ತಾನೇ ಬಳಕೆದಾರರನ್ನು ಎಚ್ಚರಿಸಿದೆ. ದೊಡ್ಡ ಸಿಂಗಲ್ ಸಿಲಿಂಡರ್ ಬೈಕ್ ಇರುವವರು ಇದನ್ನು ಮರೆಯಬಾರದು.

ನನ್ನ ಆಯ್ಕೆ ಹಳೆಯ ಫೋನ್. ಮನೆಯ ಮೇಜಿನ ಡ್ರಾದಲ್ಲಿ ಬಿದ್ದಿರುವ, ಕ್ಯಾಮೆರಾ ಹಾಳಾದರೂ ಚಿಂತೆಯಿಲ್ಲದ ಒಂದು ಆಂಡ್ರಾಯ್ಡ್ ಫೋನನ್ನು ಬೈಕಿಗೇ ಮೀಸಲಿಡಿ. ಸಿಮ್ ಬೇಡ. ಅದರಲ್ಲಿರುವ ಬೇರೆಲ್ಲ ಆ್ಯಪ್ ಅಳಿಸಿ ನಕ್ಷೆ ಮಾತ್ರ ಇಡಿ. ಮೀಸಲಿಡುವ ಮೊದಲು ಎರಡು ಪರೀಕ್ಷೆ ಮಾಡಿ. ಮಧ್ಯಾಹ್ನದ ಬಿಸಿಲಿಗೆ ಹಿಡಿದು ಅಕ್ಷರ ಕಾಣುತ್ತದೆಯೇ ನೋಡಿ, ಕಾಣದಿದ್ದರೆ ಆ ಫೋನ್ ಬೈಕಿಗೆ ಬೇಡ. ಆಮೇಲೆ ಜಿಪಿಎಸ್‌ಟೆಸ್ಟ್ ಎಂಬ ಉಚಿತ ಆ್ಯಪ್ ಹಾಕಿ ಅಂಗಳದಲ್ಲಿ ನಿಂತು ಎಷ್ಟು ಉಪಗ್ರಹ ಹಿಡಿಯುತ್ತದೆ ನೋಡಿ, ಹಾಗೇ ಅಡಿಕೆ ತೋಟದೊಳಗೆ ಹೋಗಿ ಇನ್ನೊಮ್ಮೆ ನೋಡಿ. ತೋಟದಲ್ಲೂ ಹತ್ತಕ್ಕಿಂತ ಹೆಚ್ಚು ಉಪಗ್ರಹ ಬಳಕೆಯಲ್ಲಿದ್ದರೆ ನೆಮ್ಮದಿಯಿಂದ ಇಟ್ಟುಕೊಳ್ಳಿ.

ವರ್ಷವಿಡೀ ಮಳೆ ಲೆಕ್ಕಿಸದೆ ತಿರುಗುವವರಿಗೆ, ಕೈಯಲ್ಲಿ ಹಣವೂ ಇದ್ದರೆ, ಬೈಕಿಗೆಂದೇ ಮಾಡಿದ ಸಾಧನ ಬೇರೆಯೇ ತೂಕದ್ದು. ಗಾರ್ಮಿನ್‌ನ ಜುಮೋ ಎಕ್ಸ್‌ಟಿ ಉದಾಹರಣೆಗೆ: 5.5 ಇಂಚಿನ ಪರದೆ, ಗ್ಲೌಸ್ ಹಾಕಿದ ಬೆರಳಿಗೂ ಒಲಿಯುತ್ತದೆ, ಬಿಸಿಲಿನಲ್ಲೂ ಓದಬಹುದು, ನಕ್ಷೆ ಸಾಧನದೊಳಗೇ ಇರುತ್ತದೆ. ನನಗೆ ಇದರಲ್ಲಿ ಬಹಳ ಮೆಚ್ಚುಗೆಯಾದದ್ದು ತೊಟ್ಟಿಲು. ಅದರಲ್ಲಿ ಸಾಧನ ಕೂತ ತಕ್ಷಣ ಹಿಂಭಾಗದ ಲೋಹದ ಬಿಂದುಗಳ ಮೂಲಕ ಕರೆಂಟ್ ಬರುತ್ತದೆ, ತೆರೆದ ಚಾರ್ಜಿಂಗ್ ತೂತು ಮಳೆಗೆ ಸಿಗುವುದೇ ಇಲ್ಲ. ಬೆಲೆ ಮಾತ್ರ ಒಂದು ಒಳ್ಳೆಯ ಫೋನಿನಷ್ಟೇ ಆಗುತ್ತದೆ. ಸಾಧನ ಯಾವುದೇ ಇರಲಿ, ಡಬ್ಬದ ಮೇಲೆ ಐಪಿಎಕ್ಸ್7 ಅಥವಾ ಐಪಿ67 ಎಂದಿದೆಯೇ ನೋಡಿ. ಒಂದು ಮೀಟರ್ ನೀರಿನಲ್ಲಿ 30 ನಿಮಿಷ ತಡೆಯುತ್ತದೆ ಎಂದರ್ಥ. ಇದು ನಿಂತ ನೀರಿನ ಪರೀಕ್ಷೆ. ಹುಲಿಕಲ್ ಮಳೆಯೊಳಗೆ ಎದುರಿನಿಂದ ರಾಚುವ ನೀರಿನ ಪರೀಕ್ಷೆ ಬೇರೆ, ಆದ್ದರಿಂದ ಆ ಸಂಖ್ಯೆ ಇದೆಯೆಂದು ರಬ್ಬರ್ ಮುಚ್ಚಳ ತೆರೆದಿಟ್ಟು ಓಡಿಸಬೇಡಿ.

ರಾಯಲ್ ಎನ್‌ಫೀಲ್ಡ್ 2020ರಲ್ಲಿ ಮೀಟಿಯರ್ ಜೊತೆ ತಂದ ಟ್ರಿಪ್ಪರ್‌ನಂಥ ಪುಟ್ಟ ದುಂಡು ಪರದೆಗಳೂ ಇವೆ. ಬಾಣದ ಗುರುತು ಮತ್ತು ದೂರ ಅಷ್ಟೇ ತೋರಿಸುತ್ತವೆ, ನಕ್ಷೆ ಫೋನಿನಿಂದ ಬ್ಲೂಟೂತ್ ಮೂಲಕ ಬರಬೇಕು. ಐವತ್ತು ಮೀಟರ್ ಅಂತರದಲ್ಲಿ ಎರಡು ಕವಲು ಬರುವ ನಮ್ಮ ದಾರಿಗಳಲ್ಲಿ ಬಾಣ ಗೊಂದಲ ಹುಟ್ಟಿಸುತ್ತದೆ. ಆದರೂ ಫೋನ್ ಜಾಕೆಟ್‌ನೊಳಗೆ ಬೆಚ್ಚಗಿರುತ್ತದಲ್ಲ, ಆ ಅನುಕೂಲ ದೊಡ್ಡದು. ಇದೇ ಕಾರಣಕ್ಕೆ, ಹೆಚ್ಚು ಖರ್ಚು ಬೇಡ ಎನ್ನುವವರಿಗೆ ನಾನು ಹೇಳುವುದು ಹೆಲ್ಮೆಟ್ ಒಳಗೆ ಸಣ್ಣ ಬ್ಲೂಟೂತ್ ಸ್ಪೀಕರ್ ಹಾಕಿಸಿ, ಫೋನನ್ನು ಒಳಜೇಬಿನಲ್ಲಿಟ್ಟು, ದಾರಿಯನ್ನು ಕಿವಿಯಲ್ಲೇ ಕೇಳಿ ಎಂದು. ಹಿಂದಿನ ಬಸ್ಸಿನ ಹಾರ್ನ್ ಕೇಳುವಷ್ಟು ದನಿ ತಗ್ಗಿರಲಿ.

ಕೊಳ್ಳುವಾಗ ಒಂದು ಎಚ್ಚರಿಕೆ. ವಿದೇಶದಲ್ಲಿರುವ ನೆಂಟರಿಂದ ತರಿಸುವವರು ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನವನ್ನು ತಪ್ಪಿಯೂ ತರಿಸಬೇಡಿ. ದಾರಿ ತೋರಿಸುವ ಜಿಪಿಎಸ್‌ಗೆ ಪರವಾನಗಿ ಬೇಡ, ಆದರೆ ಉಪಗ್ರಹ ಫೋನ್ ಮತ್ತು ಉಪಗ್ರಹ ಸಂದೇಶದ ಸಾಧನಗಳನ್ನು ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧ. ಇನ್ನು ಹ್ಯಾಂಡಲ್ ಮೇಲೆ ಫೋನ್ ಇಡುವುದರ ಬಗ್ಗೆ: 2020ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ಕೇಂದ್ರ ಮೋಟಾರು ವಾಹನ ನಿಯಮದ ತಿದ್ದುಪಡಿ, ಓಡಿಸುವವರ ಏಕಾಗ್ರತೆ ಕೆಡದ ಹಾಗೆ ದಾರಿ ನೋಡುವುದಕ್ಕೆ ಮಾತ್ರ ಅದನ್ನು ಬಳಸಬಹುದು ಎನ್ನುತ್ತದೆ. ಕರೆ, ಮೆಸೇಜು, ವಿಡಿಯೋ ಅದರಲ್ಲಿ ಸೇರಿಲ್ಲ.

ಹೊರಡುವ ಹಿಂದಿನ ರಾತ್ರಿ ನಕ್ಷೆ

ಮನೆಯ ವೈಫೈನಲ್ಲಿ ಇಡೀ ಪ್ರದೇಶದ ನಕ್ಷೆ ಇಳಿಸಿಕೊಳ್ಳಿ. ಗೂಗಲ್ ಮ್ಯಾಪ್ಸ್‌ನಲ್ಲಿ ಶಿವಮೊಗ್ಗ ಜಿಲ್ಲೆ ಮಾತ್ರ ಸಾಲದು. ಘಟ್ಟ ಇಳಿಯುವ ಯೋಚನೆ ಇದ್ದರೆ ಉಡುಪಿ, ಕುಂದಾಪುರವೂ ಚೌಕದೊಳಗೆ ಬರಲಿ. ಗೂಗಲ್‌ನ ಆಫ್‌ಲೈನ್ ನಕ್ಷೆಗೆ ಕಾಲಮಿತಿ ಇದೆ, ಆಗಾಗ ನವೀಕರಿಸಬೇಕು. ಟ್ರಾಫಿಕ್ ಮಾಹಿತಿ, ಬದಲಿ ದಾರಿ ಆಫ್‌ಲೈನ್‌ನಲ್ಲಿ ಸಿಗುವುದಿಲ್ಲ. ಜೊತೆಗೆ ಆರ್ಗ್ಯಾನಿಕ್ ಮ್ಯಾಪ್ಸ್ ಅಥವಾ ಓಸ್ಮ್‌ಆ್ಯಂಡ್ ಒಂದನ್ನು ಇಟ್ಟುಕೊಳ್ಳಿ. ಇವು ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆ ಬಳಸುತ್ತವೆ, ಪೂರ್ತಿ ನೆಟ್ ಇಲ್ಲದೆ ಓಡುತ್ತವೆ. ಒಂದರಲ್ಲಿ ಇಲ್ಲದ ಕಾಡುದಾರಿ ಇನ್ನೊಂದರಲ್ಲಿ ಇರುವುದು ನಮ್ಮ ಕಡೆ ಮಾಮೂಲು.

ಇಳಿಸಿದ ಮೇಲೆ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ ನಾಳಿನ ದಾರಿಯನ್ನು ಕೇಳಿ. ದಾರಿ ಬಂತೋ, ನಕ್ಷೆ ಸಿದ್ಧ. ಬರಲಿಲ್ಲವೋ, ಅಡವಿಯಲ್ಲೂ ಬರುವುದಿಲ್ಲ. ಈ ಒಂದು ಪರೀಕ್ಷೆ ಆ ದಿನ ಮಾಡಿದ್ದರೆ ನಾನು ಮಾಸ್ತಿಕಟ್ಟೆ ದಾರಿಯಲ್ಲಿ ಕತ್ತಲಾಗುವವರೆಗೆ ನಿಲ್ಲಬೇಕಿರಲಿಲ್ಲ.

ಹಳೆಯ ನಕ್ಷೆಯೂ ತೊಂದರೆ ಕೊಡುತ್ತದೆ. ಶರಾವತಿ ಹಿನ್ನೀರಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಸಂಚಾರಕ್ಕೆ ತೆರೆಯಿತು. ಅದಕ್ಕೆ ಮೊದಲು ಇಳಿಸಿಟ್ಟ ನಕ್ಷೆಯಲ್ಲಿ ಸಿಗಂದೂರಿಗೆ ಇಂದೂ ಲಾಂಚೇ ದಾರಿ. ಸಾಧನ ನಿಮ್ಮನ್ನು ನೀರಿನಂಚಿಗೆ ಕರೆದೊಯ್ಯುತ್ತದೆ, ಇಲ್ಲವಾದರೆ ಹತ್ತಾರು ಕಿಲೋಮೀಟರ್ ಸುತ್ತಿಸುತ್ತದೆ.

ಊರಿನ ಹೆಸರು ಹಾಕುವಾಗ ಜಿಲ್ಲೆಯನ್ನೂ ಸೇರಿಸಿ. ಹುಲಿಕಲ್ ಘಾಟಿ ಇಳಿದರೆ ಸಿಗುವ ಸಿದ್ದಾಪುರ ಉಡುಪಿ ಜಿಲ್ಲೆಯದು. ಸಾಗರ, ತಾಳಗುಪ್ಪದ ಆಚೆಗಿನ ಸಿದ್ದಾಪುರ ಉತ್ತರ ಕನ್ನಡದ್ದು. ಕೊಡಗಿನಲ್ಲೂ ಒಂದಿದೆ. ನಗರ ಎಂದು ಹುಡುಕಿದರೆ ಬಿದನೂರಿನ ನಗರ ಬಿಟ್ಟು ಊರೂರಿನ ಬಡಾವಣೆಗಳೆಲ್ಲ ಬರುತ್ತವೆ.

ಇನ್ನು ಮಲೆನಾಡಿನ ಒಂಟಿ ಮನೆಗಳು. ಬೀದಿಯಿಲ್ಲ, ಬಾಗಿಲ ಸಂಖ್ಯೆ ಹಾಕಿ ಹುಡುಕಿದರೆ ಸಿಗುವುದಿಲ್ಲ, ತೋಟದ ತಗ್ಗಿನಲ್ಲಿ ಮನೆ. ಇಂಥ ಕಡೆಗೆ ಪ್ಲಸ್ ಕೋಡ್ ಬಹಳ ಉಪಕಾರಿ. ಗೂಗಲ್ ಮ್ಯಾಪ್ಸ್‌ನಲ್ಲಿ ಮನೆಯ ಮೇಲೆ ಬೆರಳು ಒತ್ತಿ ಹಿಡಿದರೆ ಅಕ್ಷರ, ಅಂಕಿಗಳ ಒಂದು ಸಣ್ಣ ಗುರುತು ಬರುತ್ತದೆ. ಮನೆಯವರಿಂದ ಅದನ್ನು ಮೊದಲೇ ಕೇಳಿ, ಜಾಗವನ್ನು ಫೋನಿನಲ್ಲಿ ಉಳಿಸಿಕೊಳ್ಳಿ. ಒಂದನ್ನು ಮಾತ್ರ ಯಂತ್ರ ಅರಿಯದು: ನಕ್ಷೆಯ ಗೆರೆ ನೇರ ಹೋಗಿ ಯಾರದೋ ತೋಟದ ದಣಪೆಗೆ (ಅಡ್ಡಗಳುಗಳ ಬಾಗಿಲಿಗೆ) ಮುಟ್ಟಿರುತ್ತದೆ. ದಣಪೆ ಕಂಡರೆ ಅದು ಖಾಸಗಿ ಜಾಗ, ಅಲ್ಲಿಂದಲೇ ಹಿಂದಿರುಗಿ. ಹತ್ತಿರದ ದಾರಿ ಎಂದು ಸಾಧನ ಮಣ್ಣಿನ ರಸ್ತೆಗೆ ಎಳೆಯದಿರಲು ನಡುವಿನ ಊರುಗಳನ್ನು ನೀವೇ ಹಾಕಿ. ಶಿವಮೊಗ್ಗದಿಂದ ಉಡುಪಿಗೆ ಎಂದಷ್ಟೇ ಹಾಕುವ ಬದಲು ತೀರ್ಥಹಳ್ಳಿ, ಆಗುಂಬೆ ಎಂದು ಎರಡು ನಿಲುಗಡೆ ಸೇರಿಸಿ.

ಎಲ್ಲಿ ಕೂರಿಸಬೇಕು

ಅಂಗಡಿಗೆ ಹೋಗುವ ಮೊದಲು ಒಂದು ರಟ್ಟನ್ನು ಸಾಧನದ ಅಳತೆಗೆ ಕತ್ತರಿಸಿ ಹ್ಯಾಂಡಲ್‌ಗೆ ಕಟ್ಟಿ. ಹೆಲ್ಮೆಟ್, ರೇನ್‌ಕೋಟ್ ಹಾಕಿಕೊಂಡೇ ಬೈಕ್ ಮೇಲೆ ಕೂರಿ. ರಸ್ತೆ ನೋಡುತ್ತಿರುವ ಕಣ್ಣು ಸ್ವಲ್ಪವೇ ತಗ್ಗಿದರೆ ರಟ್ಟು ಕಾಣಬೇಕು, ಗದ್ದ ತಗ್ಗಿಸಬೇಕಾಗಬಾರದು. ಟ್ಯಾಂಕ್ ಮೇಲೆ ಇಟ್ಟರೆ ಗದ್ದ ಎದೆಗೆ ತಗಲುತ್ತದೆ, ಅಷ್ಟರಲ್ಲಿ ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಒಂದು ಬಂದೇಬಿಡುತ್ತದೆ. ಮೀಟರ್, ಎಚ್ಚರಿಕೆ ದೀಪ, ಕೀ ಮುಚ್ಚಬಾರದು. ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ರಟ್ಟು ಟ್ಯಾಂಕಿಗೆ, ಕ್ಲಚ್ ಕೇಬಲ್‌ಗೆ, ಬ್ರೇಕ್ ಪೈಪಿಗೆ ತಾಗುತ್ತದೆಯೇ ನೋಡಿ. ಬಲಗೈ ಆ್ಯಕ್ಸಿಲರೇಟರ್ ಬಿಡುವ ಹಾಗಿಲ್ಲ, ಆದ್ದರಿಂದ ನಡುವಿನಿಂದ ಕೊಂಚ ಎಡಕ್ಕಿದ್ದರೆ ಒಳ್ಳೆಯದು.

ಆಮೇಲೆ ಹ್ಯಾಂಡಲ್ ದಪ್ಪ ಅಳೆಯಿರಿ. ದಾರ ಸುತ್ತಿ ಸ್ಕೇಲಿನಲ್ಲಿ ಹಿಡಿದರೆ ಸಾಕು. ಸುತ್ತಳತೆ 69 ಮಿಲಿಮೀಟರ್ ಬಂದರೆ ಪೈಪು 22 ಮಿಲಿಮೀಟರಿನದು, 90ರ ಹತ್ತಿರ ಬಂದರೆ 28.6ರದು. ಈ ಎರಡು ಅಳತೆಗೆ ಕ್ಲಾಂಪ್ ಸುಲಭವಾಗಿ ಸಿಗುತ್ತದೆ. ಕ್ಲಾಂಪ್ ಲೋಹದ್ದಾಗಿರಲಿ. ಸಿಲಿಕೋನ್ ಪಟ್ಟಿಯಿಂದ ಬಿಗಿಯುವ ಅಗ್ಗದ ಹೋಲ್ಡರ್ ಸಿಟಿಗೆ ಸರಿ. ನನ್ನದೊಂದು ಯಡೂರು ದಾಟಿದ ಮೇಲೆ ಗುಂಡಿಗೆ ಬಿದ್ದಾಗ ಕಿತ್ತುಬಂದು, ಫೋನ್ ಚರಂಡಿಯ ನೀರಿಗೆ ಬಿತ್ತು. ಒಂದಿಂಚಿನ ರಬ್ಬರ್ ಹೊದಿಕೆಯ ಗುಂಡು ಮತ್ತು ಅದನ್ನು ಎರಡೂ ಕಡೆಯಿಂದ ಕಚ್ಚುವ ತೋಳು ಇರುವ ಮೌಂಟ್ ದುಬಾರಿಯಾದರೂ ವರ್ಷಗಟ್ಟಲೆ ಬಾಳುತ್ತದೆ. ತೋಳು ಗಿಡ್ಡವಾದಷ್ಟೂ ಅದುರು ಕಡಿಮೆ. ಫೋನ್ ಕೂರಿಸುವವರು ಅದುರು ಹೀರುವ ರಬ್ಬರಿನ ಡ್ಯಾಂಪರ್ ಸೇರಿಸಿಕೊಳ್ಳಿ.

ಸ್ಕೂಟರ್‌ನಲ್ಲಿ ಹ್ಯಾಂಡಲ್ ಮುಚ್ಚಿರುವುದರಿಂದ ಕನ್ನಡಿಯ ಕಾಂಡವೇ ಗತಿ. ಕೆಲವು ಬೈಕ್‌ಗಳ ಬಲಗನ್ನಡಿಗೆ ಉಲ್ಟಾ ಥ್ರೆಡ್ ಇರುತ್ತದೆ, ಬಲ ಹಾಕಿ ತಿರುಗಿಸುವ ಮೊದಲು ನೋಡಿಕೊಳ್ಳಿ.

ಬಿಗಿಯುವ ಕ್ರಮ ಹೀಗೆ. ಪೈಪನ್ನು ಒಣಬಟ್ಟೆಯಿಂದ ಒರೆಸಿ, ಎಣ್ಣೆ ಪಸೆ ಇರಬಾರದು. ಕ್ಲಾಂಪ್ ಒಳಗೆ ಹಳೆಯ ಸೈಕಲ್ ಟ್ಯೂಬಿನ ಒಂದು ಸುತ್ತು ಹಾಕಿ, ಜಾರುವುದು ನಿಲ್ಲುತ್ತದೆ, ಪೈಪಿನ ಬಣ್ಣವೂ ಉಳಿಯುತ್ತದೆ. ಎರಡು ಸ್ಕ್ರೂ ಇದ್ದರೆ ಒಂದನ್ನೇ ಪೂರ್ತಿ ಬಿಗಿಯದೆ, ಅಲೆನ್ ಕೀಯಿಂದ ಒಂದಕ್ಕೆ ಅರ್ಧ ಸುತ್ತು, ಇನ್ನೊಂದಕ್ಕೆ ಅರ್ಧ ಸುತ್ತು ಹೀಗೆ ಸಮನಾಗಿ ತನ್ನಿ. ಲೋಹದ ಸ್ಕ್ರೂಗೆ ಅದು ಸಡಿಲಾಗದಂತೆ ಹಿಡಿಯುವ ಅಂಟು, ಒಂದು ಹನಿ ನೀಲಿ ಥ್ರೆಡ್‌ಲಾಕ್ ಹಾಕಬಹುದು. ಪ್ಲಾಸ್ಟಿಕ್‌ಗೆ ಮಾತ್ರ ಅದು ತಾಗಬಾರದು, ಹಲವು ಬಗೆಯ ಪ್ಲಾಸ್ಟಿಕ್ ಅದರಿಂದ ಬಿರುಕು ಬಿಡುತ್ತದೆ. ಅಲ್ಲಿ ಒಳಗೆ ನೈಲಾನ್ ಬಳೆಯಿರುವ ನೈಲಾಕ್ ನಟ್ ಸಾಕು. ಕೊನೆಗೆ, ಗಟ್ಟಿ ನೈಲಾನ್ ದಾರದಿಂದ ಸಾಧನವನ್ನು ಹ್ಯಾಂಡಲ್‌ಗೆ ಬೇರೆಯಾಗಿ ಕಟ್ಟಿ. ಮೌಂಟ್ ಕಳಚಿದರೂ ಸಾಧನ ಚಕ್ರದಡಿಗೆ ಹೋಗದಷ್ಟು ಗಿಡ್ಡವಾಗಿರಲಿ.

ಕರೆಂಟ್

ಸುಲಭದ ದಾರಿ ಟ್ಯಾಂಕ್ ಬ್ಯಾಗಿನಲ್ಲಿ 10,000 ಎಂಎಎಚ್ ಪವರ್ ಬ್ಯಾಂಕ್. ವೈರ್ ಮುಟ್ಟುವ ಗೊಡವೆಯಿಲ್ಲ, ವಾರಂಟಿಗೆ ಧಕ್ಕೆಯಿಲ್ಲ, ಒಂದು ದಿನದ ಸವಾರಿಗೆ ಧಾರಾಳ. ವಾರಕ್ಕೊಮ್ಮೆ ಊರಿಗೆ ಹೋಗುವವರು ಇಷ್ಟಕ್ಕೇ ನಿಲ್ಲಿಸಬಹುದು.

ಬೈಕಿನಿಂದಲೇ ಬೇಕೆಂದರೆ ನಂಬಿಕೆಯ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ, ಪಕ್ಕದಲ್ಲೇ ನಿಂತು ಮಾಡಿಸಿ. ಬ್ಯಾಟರಿಯ ನೆಗೆಟಿವ್ ತುದಿಯನ್ನು ಮೊದಲು ಬಿಚ್ಚಬೇಕು, ಕೊನೆಗೆ ಸೇರಿಸಬೇಕು. 12 ವೋಲ್ಟನ್ನು 5 ವೋಲ್ಟಿಗೆ ಇಳಿಸುವ ಯುಎಸ್‌ಬಿ ಸಾಕೆಟ್‌ಗೆ ಬ್ಯಾಟರಿಯ ಪಾಸಿಟಿವ್‌ನಿಂದ ವೈರ್ ತನ್ನಿ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಲಿ. ಫ್ಯೂಸ್ ಕಾಯುವುದು ವೈರನ್ನು. ಅದು ಸಾಕೆಟ್ ಹತ್ತಿರವಿದ್ದರೆ ನಡುವಿನ ವೈರ್ ಎಲ್ಲಾದರೂ ಸವೆದು ಚಾಸಿಗೆ ತಾಗಿದಾಗ ಹೊತ್ತಿಕೊಳ್ಳಬಹುದು. ಫೋನಿಗೆ 5 ವೋಲ್ಟಿನಲ್ಲಿ 2 ಆ್ಯಂಪ್ ಎಂದರೆ 10 ವ್ಯಾಟ್, ಬ್ಯಾಟರಿಯ ಕಡೆ ಸುಮಾರು 1 ಆ್ಯಂಪ್. ಹಾಗಾಗಿ ಸಾಮಾನ್ಯ ಸಾಕೆಟ್‌ಗೆ 3 ಆ್ಯಂಪ್ ಫ್ಯೂಸ್ ಸಾಕು, ಹಾರಿತೆಂದು 15ರದ್ದು ಹಾಕಬೇಡಿ. ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಹರಿಯುವಂತೆ ಒಂದು ರಿಲೇ (ಸಣ್ಣ ಕರೆಂಟಿನ ಸೂಚನೆಗೆ ತಾನೇ ಆನ್ ಆಗುವ ಸ್ವಿಚ್) ಹಾಕಿಸಿ. ಇಲ್ಲದಿದ್ದರೆ ಸಾಕೆಟ್ ಎಳೆಯುವ ಅಷ್ಟಿಷ್ಟು ಕರೆಂಟಿಗೆ, ವಾರಗಟ್ಟಲೆ ಮಳೆಗೆ ನಿಂತ ಬೈಕಿನ ಬ್ಯಾಟರಿ ಇಳಿದುಹೋಗುತ್ತದೆ. ರಿಲೇಗೆ ಸೂಚನೆಯನ್ನು ಹಿಂದಿನ ದೀಪದ ವೈರಿನಿಂದ ಪಡೆಯುವುದು ವಾಡಿಕೆ. ಎಬಿಎಸ್ ಮತ್ತು ಇಂಜೆಕ್ಷನ್ ವೈರುಗಳಿಗೆ ಕೈ ಹಾಕಲು ಬಿಡಬೇಡಿ. ಹೊಸ ಬೈಕಾದರೆ ಮೊದಲು ಸರ್ವಿಸ್ ಸೆಂಟರಿನಲ್ಲಿ ಕೇಳಿ.

ವೈರ್ ಎಳೆಯುವಾಗ ಟ್ಯಾಂಕ್ ಕೆಳಗಿನ ಮೂಲ ವೈರಿಂಗ್ ಜೊತೆಗೇ ಎಳೆಯಿರಿ. ಹ್ಯಾಂಡಲ್ ತಿರುಗುವ ಬುಡದ ಕೋನ್‌ಸೆಟ್ ಹತ್ತಿರ ಹ್ಯಾಂಡಲ್ ಪೂರ್ತಿ ತಿರುಗಲು ಬೇಕಾದಷ್ಟು ಸಡಿಲು ಬಿಡಿ. ನನ್ನ ಫ್ಯೂಸ್ ಹಾರಿದ್ದು ಇಲ್ಲೇ, ಬಿಗಿಯಾಗಿ ಕಟ್ಟಿದ್ದ ವೈರ್ ತಿರುವು ತಿರುವಿಗೂ ಉಜ್ಜಿ ತಾಮ್ರ ಹೊರಬಂದಿತ್ತು. ಸೇರಿಕೆಗಳ ಮೇಲೆ ಬರೀ ಟೇಪು ಸುತ್ತಿದರೆ ನಮ್ಮ ಮಳೆಗೆ ಎರಡು ತಿಂಗಳೂ ಬಾಳದು, ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಸ್ಲೀವ್ ಬೇಕು. ಸಾಕೆಟ್ ಬಾಯಿ ಕೆಳಮುಖವಾಗಿರಲಿ, ಅದಕ್ಕೆ ಮುಚ್ಚಳವಿರಲಿ. ಸಾಕೆಟ್ ತಲುಪುವ ಮೊದಲು ವೈರ್ ಒಮ್ಮೆ ಕೆಳಗೆ ಬಾಗಿ ಮೇಲೇರಲಿ, ವೈರಿನ ಗುಂಟ ಇಳಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಒಂದು ಸುತ್ತು ಹೋಗಿ ಬನ್ನಿ

ನನ್ನ ಪರೀಕ್ಷೆಯ ದಾರಿ ಶಿವಮೊಗ್ಗ, ಗಾಜನೂರು, ಸಕ್ರೆಬೈಲು, ಮಂಡಗದ್ದೆ, ತೀರ್ಥಹಳ್ಳಿ. ತುಂಗೆಯ ಪಕ್ಕದ ಈ ರಸ್ತೆಯಲ್ಲಿ ಬಯಲೂ ಇದೆ, ದಟ್ಟ ಮರದ ನೆರಳೂ ಇದೆ, ತಿರುವೂ ಇದೆ. ಮಂಡಗದ್ದೆಯಲ್ಲಿ ನಿಲ್ಲಿಸಿ ಎಲ್ಲ ಸ್ಕ್ರೂಗಳಿಗೂ ಒಮ್ಮೆ ಅಲೆನ್ ಕೀ ಹಾಕಿ ನೋಡಿ, ಹೊಸ ಮೌಂಟ್ ಮೊದಲ ನೂರು ಕಿಲೋಮೀಟರಿನಲ್ಲಿ ಸ್ವಲ್ಪ ಸಡಿಲವಾಗುತ್ತದೆ.

ಮಳೆಯಲ್ಲಿ ಫೋನ್ ಪರದೆ ತಾನಾಗಿಯೇ ಸರಿದಾಡುತ್ತದೆ, ಹನಿಗಳನ್ನು ಅದು ಬೆರಳೆಂದು ತಿಳಿಯುತ್ತದೆ. ಓಸ್ಮ್‌ಆ್ಯಂಡ್‌ನಲ್ಲಿ ತಿರುವು ಹತ್ತಿರ ಬಂದಾಗ ಮಾತ್ರ ಪರದೆ ಬೆಳಗುವಂತೆ ಮಾಡಬಹುದು. ಉಳಿದ ಹೊತ್ತು ದನಿಯಲ್ಲೇ ಕೇಳಿ. ಪೋರ್ಟ್ ಒದ್ದೆಯಾಗಿದ್ದರೆ ಚಾರ್ಜರ್ ಚುಚ್ಚಬೇಡಿ. ಒದ್ದೆಯಲ್ಲಿ ಕರೆಂಟ್ ಹರಿದರೆ ಒಳಗಿನ ಪಿನ್ನುಗಳು ಕಿಲುಬು ಹಿಡಿಯುತ್ತವೆ. ಜೋರು ಮಳೆ ಇರುವ ದಿನ ಪೂರ್ತಿ ಚಾರ್ಜ್ ಮಾಡಿಕೊಂಡೇ ಹೊರಟು, ಪೋರ್ಟಿಗೆ ರಬ್ಬರ್ ಬಿರಡೆ ಹಾಕಿಡಿ. ಬೇಸಿಗೆಯಲ್ಲಿ ಇದರ ತದ್ವಿರುದ್ಧ ತೊಂದರೆ: ಪಾರದರ್ಶಕ ಜಿಪ್ ಪೌಚಿನೊಳಗೆ ಫೋನ್ ಕಾದು ಆಫ್ ಆಗುತ್ತದೆ, ಆಗ ಪೌಚು ತೆಗೆದುಬಿಡಿ.

ಘಟ್ಟದಲ್ಲಿ ಗುಡ್ಡ ಕುಸಿದ ಸುದ್ದಿ ನಕ್ಷೆಗೆ ತಲುಪುವ ಮೊದಲು ಕ್ರಾಸಿನ ಚಹಾದಂಗಡಿಗೆ ತಲುಪಿರುತ್ತದೆ. ಆಗುಂಬೆ, ಹುಲಿಕಲ್, ಕೊಲ್ಲೂರು ಯಾವ ದಾರಿಯಲ್ಲೇ ಇಳಿಯುವಾಗಲೂ ಅಲ್ಲಿ ಒಮ್ಮೆ ಕೇಳಿ.

ಮನೆ ತಲುಪಿದ ಮೇಲೆ ಸಾಧನವನ್ನು ಮೌಂಟಿನಿಂದ ತೆಗೆದು ಒರೆಸಿ, ಪೋರ್ಟ್ ಕೆಳಮುಖವಾಗಿರುವಂತೆ ಗಾಳಿಯಾಡುವ ಜಾಗದಲ್ಲಿ ನಿಲ್ಲಿಸಿ. ಅಕ್ಕಿ ಡಬ್ಬದಲ್ಲಿ ಹೂಳಬೇಡಿ, ಅಕ್ಕಿಯ ಹುಡಿ ಪೋರ್ಟಿನೊಳಗೆ ಸೇರುತ್ತದೆ. ಒದ್ದೆ ಬಟ್ಟೆಯ ಜೊತೆ ಬಚ್ಚಲ ಒಲೆಯ ಪಕ್ಕದಲ್ಲೂ ಇಡಬೇಡಿ. ನೀರು ತಡೆಯುವ ಅಂಚಿನ ಅಂಟು ಆ ಶಾಖಕ್ಕೆ ಸಡಿಲಾದರೆ, ಮುಂದಿನ ಮಳೆಗೆ ಅದು ನೀರು ತಡೆಯುವ ಫೋನಾಗಿ ಉಳಿದಿರುವುದಿಲ್ಲ.